‘ಗೆಟ್’ ಪದ ಕೊನೆಗೂ ಮಕ್ಕಳ ಬಾಯಿಗೆ ಬಂತು

ಕಳೆದ ಜನವರಿಯ ಒಂದು ಸಂಜೆ ನನ್ನ ಟ್ಯೂಷನ್ನಿನ ಹುಡುಗಿಯೊಬ್ಬಳು ಜಗಲಿಯ ಮೇಲೆ ನಿಂತು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಳು. ಪಿಯುಸಿ ಮೊದಲ ವರ್ಷ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ವಿಷಯ ಅವರ ಮನೆಯ ಅಡಿಕೆ ಕೊನೆ (ಗೊನೆ) ಕೊಯ್ಲು. ಕೈಯಲ್ಲಿ ಚೀಟಿ ಇರಲಿಲ್ಲ. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ‘ಗೆಟ್’, ‘ಗಾಟ್’ ಎಲ್ಲ ಸೇರಿ 14 ಸಲ ಬಂತು, ಅದರಲ್ಲಿ 13 ಸರಿ. ಅಂಗಳದಲ್ಲಿ ಬೈಕಿನ ಮೇಲೇ ಕೂತು ಕಾಯುತ್ತಿದ್ದ ಅವಳ ಅಪ್ಪ, ಮಾತು ಅರ್ಧ ಆಗುವಾಗ ಇಳಿದು ಬಂದು ಜಗಲಿ ಕಟ್ಟೆಯ ಮೇಲೆ ಕೂತರು. ಎರಡು ವರ್ಷದ ಹಿಂದೆ ಇವರೇ ನನ್ನನ್ನು ಕೇಳಿದ್ದರು, “ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಹೇಳಿಕೊಡೋದಾದ್ರೆ ಫೀಸು ಎಂತಕ್ಕೆ ಮೇಡಂ?” ಅಂತ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ.

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. 2013ರಿಂದ ಸಂಜೆ ಐದರಿಂದ ಏಳರವರೆಗೆ ಜಗಲಿಯಲ್ಲೇ ಇಂಗ್ಲಿಷ್ ಟ್ಯೂಷನ್. ಈ ಕೆಲಸ ಮಾಡುವವರಿಗೆ ‘ಗೆಟ್’ ಕೊಡುವ ಕಾಟ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಕ್ಕಳಿಗೆ ‘ರಿಸೀವ್’ ಗೊತ್ತು, ‘ಬಿಕಮ್’ ಗೊತ್ತು, ‘ರೀಚ್’ ಗೊತ್ತು. ಸ್ಪೆಲ್ಲಿಂಗ್ ಸಮೇತ ಗೊತ್ತು. ಆದರೆ ಮಾತಿನ ಇಂಗ್ಲಿಷಿನಲ್ಲಿ ಈ ಮೂರರ ಜಾಗದಲ್ಲೂ ಜನ ‘ಗೆಟ್’ ಅಂತಲೇ ಹೇಳುತ್ತಾರೆ. ಒಬ್ಬ ಹುಡುಗ ನನಗೆ “ಐ ರಿಸೀವ್ಡ್ ಫೀವರ್” ಅಂತ ಬರೆದುಕೊಟ್ಟಿದ್ದ. ತಪ್ಪು ಅವನದ್ದಲ್ಲ. ಡಿಕ್ಷನರಿಯಲ್ಲಿ ‘ಗೆಟ್’ ಎದುರು ಮೊದಲು ಇದ್ದದ್ದೇ ‘ಪಡೆ’.

ನಾನು ಸೋತ ಕಥೆ ಮೊದಲು. 2018ರಲ್ಲಿ ಎರಡು ಮೂರು ಡಿಕ್ಷನರಿ ಇಟ್ಟುಕೊಂಡು ‘ಗೆಟ್’ನ 40ಕ್ಕೂ ಹೆಚ್ಚು ಅರ್ಥ ಪಟ್ಟಿ ಮಾಡಿದೆ. ಪ್ರತಿ ಅರ್ಥಕ್ಕೆ ಒಂದು ನಂಬರ್, ಒಂದು ವಾಕ್ಯ, ಒಂದು ಚಿತ್ರ. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ 200 ಪ್ರತಿ ಹಾಕಿಸಿದೆ. ಹತ್ತಿರ ಹತ್ತಿರ 11,000 ರೂಪಾಯಿ ಆಯ್ತು. ಅದು ಆ ವರ್ಷದ ಕಾಳುಮೆಣಸಿನ ದುಡ್ಡು. ಒಂದಕ್ಕೆ 60 ರೂಪಾಯಿಯಂತೆ ಮಾರಲು ಹೊರಟೆ, 35 ಹೋಗಿರಬಹುದು. ಉಳಿದದ್ದನ್ನು ಅಟ್ಟದ ಮೇಲೆ ಇಟ್ಟಿದ್ದೆ. ಜುಲೈ ಮಳೆಗೆ ಅಷ್ಟಕ್ಕೂ ಬೂಷ್ಟು ಹಿಡಿಯಿತು. ಬಿಚ್ಚಿದರೆ ಹಾಳೆಗೆ ಹಾಳೆ ಅಂಟಿಕೊಂಡು ಬರುತ್ತಿತ್ತು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಪುಸ್ತಕ ಕೊಂಡ ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. 17ನೇ ಅರ್ಥ ಯಾವುದು ಅಂದರೆ ಟಕ್ ಅಂತ ಹೇಳುತ್ತಿದ್ದರು. ಮಳೆಯಲ್ಲಿ ನೆನೆದು ಬಂದ ಮಗುವಿಗೆ “ಏನಾಯ್ತು, ಇಂಗ್ಲಿಷಲ್ಲಿ ಹೇಳು” ಅಂದರೆ ಬಾಯಿ ಬಿಡುತ್ತಿರಲಿಲ್ಲ. “ಐ ಗಾಟ್ ವೆಟ್” ಅನ್ನುವ ಮೂರು ಪದ ಅದೇ ಪುಸ್ತಕದಲ್ಲಿತ್ತು.

ಆಮೇಲೆ ಎಲ್ಲರ ಮಾತು ಕೇಳಿ ‘ಬರೀ ಇಂಗ್ಲಿಷ್’ ನಿಯಮ ತಂದೆ. ಕನ್ನಡ ಮಾತಾಡಿದರೆ ಎರಡು ರೂಪಾಯಿ ದಂಡ. ಒಂದೂವರೆ ತಿಂಗಳಲ್ಲಿ ಡಬ್ಬಿಗೆ ಬಿದ್ದದ್ದು 90 ರೂಪಾಯಿಗೂ ಕಡಿಮೆ. ಮಕ್ಕಳು ಕನ್ನಡ ಬಿಟ್ಟಿರಲಿಲ್ಲ, ಮಾತನ್ನೇ ಬಿಟ್ಟಿದ್ದರು. ಜಗಲಿ ಅಷ್ಟು ಮೌನವಾಗಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಡಬ್ಬಿಯ ದುಡ್ಡಿಗೆ ಮಂಡಕ್ಕಿ ತರಿಸಿ ಎಲ್ಲರಿಗೂ ಹಂಚಿ ನಿಯಮ ಕಿತ್ತು ಹಾಕಿದೆ. 2021ರಲ್ಲಿ 14,000 ಕೊಟ್ಟು ಹಳೇ ಪ್ರೊಜೆಕ್ಟರ್ ತಂದೆ. ಮಳೆಗಾಲದಲ್ಲಿ ನಮ್ಮ ಕಡೆ ಸಂಜೆ ಹೊತ್ತು ಕರೆಂಟ್ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಗೊತ್ತು. ಅದರ ಬಗ್ಗೆ ಇಷ್ಟು ಸಾಕು.

ದಾರಿ ಸಿಕ್ಕಿದ್ದು ರಜಾ ಚೀಟಿಗಳಲ್ಲಿ. ಟ್ಯೂಷನ್ ತಪ್ಪಿಸಿದವರು ಮರುದಿನ ಇಂಗ್ಲಿಷಿನಲ್ಲಿ ಎರಡು ಸಾಲು ಕಾರಣ ಬರೆದು ತರಬೇಕು, ಇದು ಮೊದಲಿಂದಲೂ ನಮ್ಮಲ್ಲಿ ಇರುವ ರೂಢಿ. ಅಂಗಡಿಯವರು ಬಿಲ್ ಚುಚ್ಚುವ ಕೊಕ್ಕೆ ತಂತಿಗೆ ಅವನ್ನೆಲ್ಲ ಚುಚ್ಚಿ ಇಡುತ್ತಿದ್ದೆ. 2022ರ ಜುಲೈ, ಜಡಿಮಳೆ, ಮೂರು ದಿನದಿಂದ ಯಾರೂ ಬಂದಿರಲಿಲ್ಲ. ತಂತಿಯಿಂದ ಚೀಟಿ ಬಿಚ್ಚಿ ಓದುತ್ತಾ ಕೂತೆ. ಒಂದು ಚೀಟಿ ಈಗಲೂ ನನ್ನ ಹತ್ತಿರ ಇದೆ. ಗೆರೆ ಹಾಳೆಯ ಕಾಲು ಭಾಗ, ಪೆನ್ಸಿಲ್ ಬರಹ: “ಟು ಮಿ ಫೀವರ್ ಕೇಮ್. ಸೋ ಐ ನಾಟ್ ಕೇಮ್.” ಕೆಳಗೆ ಇನ್ನೊಬ್ಬಳದು: “ಫಾರ್ ಮಿ ಲೆಗ್ ಪೇನ್ ಬಿಕೇಮ್.” ಮತ್ತೊಂದು: “ಟು ಅಸ್ ಬಸ್ ನಾಟ್ ಮೀಟ್.” ನಮಗೆ ಬಸ್ ಸಿಗಲಿಲ್ಲ ಅಂತ.

ನಾನು ಕೆಂಪು ಪೆನ್ ತೆಗೆದುಕೊಂಡು ಒಂದೊಂದೇ ಗೆರೆ ಎಳೆದೆ. ಸುಮಾರು 140 ಚೀಟಿ ಇತ್ತು. 90ರಷ್ಟು ಚೀಟಿಯಲ್ಲಿ ತಪ್ಪು ಒಂದೇ ಜಾಗದಲ್ಲಿ. ಮಗು ಮನಸ್ಸಿನಲ್ಲಿ ‘ನನಗೆ’ ಅಂತ ಶುರು ಮಾಡಿದೆ, ಆ ‘ನನಗೆ’ಯನ್ನು ಇಂಗ್ಲಿಷಿನಲ್ಲಿ ಎಲ್ಲಿಡಬೇಕು ಅಂತ ಗೊತ್ತಾಗದೆ ಮುಗ್ಗರಿಸಿದೆ. ‘ಗೆಟ್’ ಅರ್ಥ ಗೊತ್ತಿದ್ದವರೂ ಅಲ್ಲೇ ಬಿದ್ದಿದ್ದರು. ನಾನು ನಾಲ್ಕು ವರ್ಷ ಬಲಗಡೆ ಹುಡುಕಿದ್ದೆ, ರೋಗ ಎಡಗಡೆ ಇತ್ತು.

ಕನ್ನಡದಲ್ಲಿ ನಮಗೆ ಏನಾದರೂ ಆದಾಗ ನಾವು ಹಿಂದೆ ನಿಲ್ಲುತ್ತೇವೆ. ನನಗೆ ಜ್ವರ ಬಂತು. ನನಗೆ ಸುಸ್ತಾಯ್ತು. ನನಗೆ ಕೆಲಸ ಸಿಕ್ತು. ಜ್ವರ, ಸುಸ್ತು, ಕೆಲಸ ಇವು ಬಂದು ನಮ್ಮನ್ನು ಮುಟ್ಟುತ್ತವೆ. ಇಂಗ್ಲಿಷಿನವರು ಇದೇ ಜಾಗದಲ್ಲಿ ‘ಐ’ ಅಂತ ಮುಂದೆ ಬರುತ್ತಾರೆ, ‘ಗಾಟ್’ ಅಂತ ಹಿಡಿದುಕೊಳ್ಳುತ್ತಾರೆ. ಹಾಗಾಗಿ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ: ‘ನನಗೆ’ ಅಂತ ಬಂದು, ಕೊನೆಯಲ್ಲಿ ‘ಆಯ್ತು’, ‘ಬಂತು’, ‘ಸಿಕ್ತು’ ಈ ಮೂರರಲ್ಲಿ ಒಂದು ಇದ್ದರೆ, ಕಣ್ಣು ಮುಚ್ಚಿ ‘ಐ ಗಾಟ್’ ಅನ್ನಿ.

ನನಗೆ ಜ್ವರ ಬಂತು, ಐ ಗಾಟ್ ಎ ಫೀವರ್. ನನಗೆ ಸಿಟ್ಟು ಬಂತು, ಐ ಗಾಟ್ ಆಂಗ್ರಿ. ನನಗೆ ಸುಸ್ತಾಯ್ತು, ಐ ಗಾಟ್ ಟೈರ್ಡ್. ನನಗೆ ಪೆಟ್ಟಾಯ್ತು, ಐ ಗಾಟ್ ಹರ್ಟ್. ನನಗೆ ಅರ್ಥ ಆಯ್ತು, ಐ ಗಾಟ್ ಇಟ್. ನನಗೆ ಮದುವೆ ಆಯ್ತು, ಐ ಗಾಟ್ ಮ್ಯಾರೀಡ್. ನನಗೆ ರೂಢಿ ಆಯ್ತು, ಐ ಗಾಟ್ ಯೂಸ್ಡ್ ಟು ಇಟ್. ನನಗೆ ಸೀಟು ಸಿಕ್ತು, ಐ ಗಾಟ್ ಎ ಸೀಟ್. ಪುಸ್ತಕದಲ್ಲಿ ಇವಕ್ಕೆ ಏಳು ಬೇರೆ ಬೇರೆ ನಂಬರ್ ಕೊಟ್ಟಿದ್ದೆ. ಮಕ್ಕಳಿಗೆ ಇವೆಲ್ಲ ಒಂದೇ ಅರ್ಥ, ಒಂದೇ ಬಾಗಿಲು. ಮೊದಲ ದಿನ 40 ನಿಮಿಷದಲ್ಲಿ 20ಕ್ಕೂ ಹೆಚ್ಚು ವಾಕ್ಯ ಅವರೇ ಕಟ್ಟಿದರು. ದಂಡದ ಡಬ್ಬಿ ನೋಡಿ ಬಾಯಿ ಮುಚ್ಚಿದ್ದ ಅದೇ ಮಕ್ಕಳು.

‘ನನಗೆ’ ಇಲ್ಲದೆ ಬರೀ ‘ಆಯ್ತು’ ಇದ್ದರೆ ‘ಇಟ್’ ತರಬೇಕು. ಕತ್ತಲಾಯ್ತು, ಇಟ್ ಗಾಟ್ ಡಾರ್ಕ್. ಕತ್ತಲಾಗ್ತಾ ಇದೆ, ಇಟ್ಸ್ ಗೆಟಿಂಗ್ ಡಾರ್ಕ್. ಚಳಿ ಜಾಸ್ತಿ ಆಯ್ತು, ಇಟ್ ಗಾಟ್ ಕೋಲ್ಡರ್. ಇದು ಎರಡನೇ ವಾರದ ಪಾಠ, ಸಲೀಸಾಗಿ ಹೋಗುತ್ತೆ.

ಕಷ್ಟ ಶುರುವಾದದ್ದು ಮೂರನೇ ವಾರ. ಬಾಗಿಲು ತೆಗೆದರೆ ಕಳ್ಳರೂ ಬರುತ್ತಾರೆ ಅಲ್ವಾ? ‘ನನಗೆ ನೆನಪಾಯ್ತು’ ಅನ್ನುವುದನ್ನು ಒಬ್ಬ “ಐ ಗಾಟ್ ಮೆಮೊರಿ” ಅಂದ. ಅದು ‘ಐ ರಿಮೆಂಬರ್ಡ್’. ‘ನನಗೆ ನಗು ಬಂತು’ ಇನ್ನೊಬ್ಬಳ ಬಾಯಲ್ಲಿ “ಐ ಗಾಟ್ ಲಾಫ್” ಆಯ್ತು. ‘ನನಗೆ ಇಷ್ಟ ಆಯ್ತು’ ಬರೀ ‘ಐ ಲೈಕ್ಡ್ ಇಟ್’. ‘ನನಗೆ ನಿದ್ದೆ ಬಂತು’ ಅಂದರೆ ನಮ್ಮ ಕಡೆ ದೊಡ್ಡವರೂ “ಐ ಗಾಟ್ ಸ್ಲೀಪ್” ಅನ್ನುತ್ತಾರೆ. ‘ಐ ಗಾಟ್ ಸ್ಲೀಪಿ’ ಅನ್ನಬೇಕು. ‘ಖುಷಿ ಆಯ್ತು’ಗೆ ‘ಐ ವಾಸ್ ಹ್ಯಾಪಿ’ ಅಂದರೇ ಚೆಂದ. ದಾರಿಯಲ್ಲಿ ಗೆಳೆಯ ಸಿಕ್ಕಿದ ಅಂದರೆ ‘ಮೆಟ್’, ‘ಗಾಟ್’ ಅಲ್ಲ. ಇಂಥವನ್ನೆಲ್ಲ ಗೋಡೆಯ ಮೇಲೆ ಒಂದು ಚಾರ್ಟಿನಲ್ಲಿ ‘ಕಳ್ಳರ ಪಟ್ಟಿ’ ಅಂತ ಬರೆಯಿಸಿದೆ. ಹೊಸ ಕಳ್ಳನನ್ನು ಹಿಡಿದವರ ಹೆಸರು ಪಕ್ಕದಲ್ಲಿ. ಈಗ ಅಲ್ಲಿ 31 ಇದ್ದಾವೆ. ನಾನು ಹಿಡಿದದ್ದು ಹತ್ತೋ ಹನ್ನೊಂದೋ, ಒಂದು ಬಿಟ್ಟು ಉಳಿದದ್ದು ಮಕ್ಕಳೇ ಹಿಡಿದದ್ದು.

ಈ ಹೊತ್ತಿಗೆ ಊರಲ್ಲಿ ಸುದ್ದಿ ಆಗಿತ್ತು. ರಿಟೈರ್ ಆದ ಹಿರಿಯ ಮೇಷ್ಟ್ರೊಬ್ಬರು ಮನೆಗೇ ಬಂದು, “ಕನ್ನಡ ಬೆರೆಸಿದ್ರೆ ಇಂಗ್ಲಿಷು ಕೆಡ್ತದಮ್ಮ, ಹಾಲಿಗೆ ಹುಳಿ ಹಿಂಡಿದ ಹಾಗೆ” ಅಂದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ತಂದೆ ತಾಯಂದಿರು ಕಾಳಜಿಯಿಂದ ಹೇಳಲಿಲ್ಲ, ಮಕ್ಕಳನ್ನು ಬಿಡಿಸಿಕೊಂಡು ಹೋದರು. 24 ಜನ ಇದ್ದವರು 15ಕ್ಕೆ ಬಂದರು. ತಲೆಗೆ 300 ರೂಪಾಯಿ ಫೀಸು, 7,200 ಬರುತ್ತಿದ್ದದ್ದು 4,500 ಆಯ್ತು. ಅದೂ ತಿಂಗಳು ತಿಂಗಳು ಅಲ್ಲ. ನಮ್ಮಲ್ಲಿ ತುಂಬಾ ಮನೆಯವರು ಅಡಿಕೆ ಮಾರಿದ ಮೇಲೇ ಒಟ್ಟಿಗೆ ಕೊಡುವುದು. ಆ ವರ್ಷ ಅಡಿಕೆಗೆ ಕೊಳೆ ರೋಗ ಬೇರೆ ಬಿದ್ದಿತ್ತು. ಮೂರು ತಿಂಗಳು ನಾನು ಮನೆಯವರ ಹತ್ತಿರ ಕೈ ಚಾಚಿ ಚಾರ್ಟ್ ಪೇಪರ್ ತರಿಸಿಕೊಂಡೆ. ಬಿಡಬೇಕು ಅಂತ ಅನ್ನಿಸಿದ್ದು ನಿಜ. ಉಳಿದ 15 ಮಕ್ಕಳು ಮಾತಾಡುತ್ತಿದ್ದರು, ಅದಕ್ಕೆ ಬಿಡಲಿಲ್ಲ.

ಎರಡನೇ ಬಾಗಿಲು ಸಿಕ್ಕಿದ್ದು ಅಡಿಕೆ ಸುಲಿಯುವಾಗ. ಡಿಸೆಂಬರಿನ ರಾತ್ರಿ, ಪಕ್ಕದ ಮನೆಯಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದೆವು. ಒಬ್ಬರು ಹೇಳಿದರು, “ನಮ್ಮನೇಲಿ ಈ ಸಲ ಮಿಷನ್ನಲ್ಲೇ ಸುಲಿಸಿದ್ವಿ ಮಾರಾಯ್ತಿ.” ಸುಲಿದೆವು ಅಲ್ಲ, ಸುಲಿಸಿದೆವು. ನನ್ನ ಕೈ ಅಲ್ಲೇ ನಿಂತಿತು. ಎಷ್ಟೋ ಮಕ್ಕಳು ಕೂದಲು ಕಟ್ ಮಾಡಿಸಿಕೊಂಡು ಬಂದು “ಐ ಕಟ್ ಮೈ ಹೇರ್” ಅನ್ನುತ್ತಿದ್ದರು, ಕತ್ತರಿ ತಾವೇ ಹಿಡಿದ ಹಾಗೆ. ಇಂಗ್ಲಿಷಿನವರು ಅಲ್ಲಿ ‘ಐ ಗಾಟ್ ಮೈ ಹೇರ್ ಕಟ್’ ಅನ್ನುತ್ತಾರೆ. ಆ ‘ಗಾಟ್’ ನಮ್ಮ ‘ಇಸು’. ಸುಲಿಸಿದೆವು, ವಿ ಗಾಟ್ ಇಟ್ ಪೀಲ್ಡ್. ತೋಟಕ್ಕೆ ಔಷಧಿ ಹೊಡೆಸಿದೆವು, ವಿ ಗಾಟ್ ದ ಗಾರ್ಡನ್ ಸ್ಪ್ರೇಡ್. ವಸ್ತು ಬಂದರೆ ಹಿಂದೆ ವಿ-ತ್ರೀ, ಅಂದರೆ ಕ್ರಿಯಾಪದದ ಮೂರನೇ ರೂಪ. ಮನುಷ್ಯ ಬಂದರೆ ‘ಟು’: ಕೊನೆಗೌಡನ (ಅಡಿಕೆ ಕೊನೆ ಕೊಯ್ಯುವವನ) ಹತ್ತಿರ ಮರ ಹತ್ತಿಸಿದೆವು, ವಿ ಗಾಟ್ ಹಿಮ್ ಟು ಕ್ಲೈಂಬ್ ದ ಟ್ರೀ.

ಇಲ್ಲೂ ಒಂದು ಹೊಂಡ ಇದೆ, ನಾನು ಬಿದ್ದೇ ತಿಳಿದದ್ದು. ‘ಯೋಚಿಸಿದೆ’ ಅನ್ನುವುದಕ್ಕೆ ಒಬ್ಬ ಹುಡುಗ “ಐ ಗಾಟ್ ಥಾಟ್” ಅಂದುಬಿಟ್ಟ. ಅವನ ಲೆಕ್ಕ ಸರಿ, ಅಲ್ಲೂ ‘ಇಸು’ ಇದೆ. ಆಗ ಒಂದು ಪರೀಕ್ಷೆ ಮಾಡಿಕೊಂಡೆ. ‘ಇಸು’ ಕಿತ್ತು ನೋಡಿ. ಸುಲಿಸು ಹೋಗಿ ಸುಲಿ ಉಳಿಯುತ್ತೆ, ಓದಿಸು ಹೋಗಿ ಓದು ಉಳಿಯುತ್ತೆ, ಮಾಡಿಸು ಹೋಗಿ ಮಾಡು. ಅಲ್ಲಿ ‘ಗೆಟ್’ ಕೂರುತ್ತೆ. ಯೋಚಿಸು, ಪ್ರೀತಿಸು, ಗಮನಿಸು ಇವುಗಳಲ್ಲಿ ‘ಇಸು’ ಕಿತ್ತರೆ ಮಾಡುವ ಕೆಲಸವೇ ಉಳಿಯುವುದಿಲ್ಲ. ಅಲ್ಲಿ ‘ಗೆಟ್’ ಬೇಡ. ಕಲಿಸು, ತೋರಿಸು, ತಿನ್ನಿಸು ಮಾತ್ರ ಪರೀಕ್ಷೆ ಪಾಸಾದರೂ ಇಂಗ್ಲಿಷಿನಲ್ಲಿ ಅವಕ್ಕೆ ಸ್ವಂತ ಪದ ಇವೆ, ಟೀಚ್, ಶೋ, ಫೀಡ್. ಅವನ್ನೂ ಕಳ್ಳರ ಪಟ್ಟಿಗೆ ಸೇರಿಸಿದೆ. ಈ ‘ಇಸು’ ಪಾಠ ಬೇರೆ ಯಾರಾದರೂ ಮಾಡಿದ್ದನ್ನು ನಾನಂತೂ ಕಂಡಿಲ್ಲ. ನನಗೆ ಇದರ ಬಗ್ಗೆ ಹೆಮ್ಮೆ ಇದೆ.

ಬಸ್ಸಿನ ವಿಷಯ ಚಿಕ್ಕದು, ಆದರೆ ದಿನಾ ಬೇಕಾಗುವಂಥದ್ದು. ನಾವೆಲ್ಲ “ಗೆಟ್ ಡೌನ್ ಫ್ರಮ್ ದ ಬಸ್” ಅನ್ನುತ್ತೇವೆ. ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಹೊರಗೆ ‘ಗೆಟ್ ಆಫ್’ ಅನ್ನುವುದು. ಒಳಗೆ ನಿಂತು ನಡೆದಾಡಬಹುದಾದರೆ ‘ಗೆಟ್ ಆನ್, ಗೆಟ್ ಆಫ್’: ಬಸ್ಸು, ರೈಲು, ವಿಮಾನ. ತಲೆ ಬಗ್ಗಿಸಿ ಒಳಗೆ ಕೂರಬೇಕಾದರೆ ‘ಗೆಟ್ ಇನ್, ಗೆಟ್ ಔಟ್’: ಕಾರು, ಆಟೋ. ಬೈಕಿಗೆ ಕಾಲು ಹಾಕಿ ಕೂರುವುದರಿಂದ ‘ಆನ್’. ಜಗಲಿ ಕಟ್ಟೆಯನ್ನು ಬಸ್ ಮಾಡಿ, ಊಟದ ಮೇಜಿನ ಅಡಿಯನ್ನು ಆಟೋ ಮಾಡಿ ಹತ್ತಿಸಿ ಇಳಿಸಿದೆ. ಅರ್ಧ ಗಂಟೆ ಸಾಕಾಯ್ತು. ಮನೆ ತಲುಪಿದೆ ಅನ್ನುವುದಕ್ಕೆ ‘ಐ ಗಾಟ್ ಹೋಮ್’, ನಡುವೆ ‘ಟು’ ಬೇಡ. ಶಾಲೆಗಾದರೆ ‘ಟು’ ಬೇಕು.

ನಡುವೆ ಆಗುಂಬೆ ಕಡೆಯ ಒಂದು ಹೋಮ್‌ಸ್ಟೇಯವರು ತಮ್ಮ ಕೆಲಸದವರಿಗೆ ಇಂಗ್ಲಿಷ್ ಹೇಳಿಕೊಡಿ ಅಂತ ಕರೆದರು. ಹತ್ತು ಕ್ಲಾಸಿಗೆ 3,000. ನಾಲ್ಕು ಜನ, ಯಾರೂ ಹೈಸ್ಕೂಲ್ ದಾಟಿದವರಲ್ಲ. ಅಲ್ಲಿ ‘ನನಗೆ’ ಕೆಲಸ ಮಾಡಲಿಲ್ಲ, ಯಾಕೆಂದರೆ ಅವರು ತಮ್ಮ ಬಗ್ಗೆ ಮಾತಾಡುವುದೇ ಇಲ್ಲ, ಬಂದವರ ಬಗ್ಗೆ ಮಾತಾಡಬೇಕು. ಎರಡು ಕ್ಲಾಸು ದಂಡ. ಮೂರನೇ ದಿನ ಅಡುಗೆಯ ಅಕ್ಕ ಕೇಳಿದರು, “ಇದು ನಮ್ಮ ‘ಸಿಗು’ ಅಲ್ವಾ ಮೇಡಂ? ನೆಟ್‌ವರ್ಕ್ ಸಿಗಲ್ಲ, ಬಸ್ ಸಿಗಲ್ಲ, ಆಳು ಸಿಗಲ್ಲ?” ಅಷ್ಟೇ ಸಾಕಿತ್ತು. “ಯು ವೋಂಟ್ ಗೆಟ್ ನೆಟ್‌ವರ್ಕ್ ಹಿಯರ್” ಅವರು ಆವತ್ತೇ ಕಲಿತರು. ಅದರ ಹಿಂದೆ ‘ತಂದುಕೊಡು’ ಹಿಡಿಸಿದೆ: “ಐ ವಿಲ್ ಗೆಟ್ ಯು ಸಮ್ ಹಾಟ್ ವಾಟರ್.” ಆಮೇಲೆ ಇಂಬಳ, ಅಂದರೆ ಜಿಗಣೆ: “ಯು ಮೇ ಗೆಟ್ ಲೀಚಸ್ ಆನ್ ಯುವರ್ ಲೆಗ್ಸ್.” ಮಳೆಗಾಲದ ಆಗುಂಬೆಯಲ್ಲಿ ಈ ಮೂರು ವಾಕ್ಯಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಬಸ್ ಚಾರ್ಜು, ಚಹಾ ಎಲ್ಲ ಕಳೆದು ನನಗೆ ಉಳಿದದ್ದು 1,800 ಇರಬಹುದು. ಕಲಿತದ್ದು ಅದಕ್ಕಿಂತ ಜಾಸ್ತಿ: ಮಾತಾಡುವವರ ಕೆಲಸ ನೋಡಿ ಬಾಗಿಲು ಆರಿಸಬೇಕು.

ಇದೇ ಹುಮ್ಮಸ್ಸಿನಲ್ಲಿ ಬೇರೆ ಪದಕ್ಕೂ ಕೈ ಹಾಕಿದೆ. ನಮ್ಮ ‘ಹಾಕು’ ಇದೆಯಲ್ಲ, ಅದಕ್ಕೆ ‘ಪುಟ್’ ಜೊತೆ ಮಾಡಿ ನೋಡಿದೆ. ಪೂರ್ತಿ ಕೆಟ್ಟಿತು. ಬಟ್ಟೆ ಹಾಕು ‘ಪುಟ್ ಆನ್’ ಆಗುತ್ತೆ, ಸರಿ. ಆದರೆ ಬಾಗಿಲು ಹಾಕು, ಲೆಕ್ಕ ಹಾಕು, ಕರು ಹಾಕು, ಯಾವುದೂ ‘ಪುಟ್’ ಅಲ್ಲ. ಒಂದು ವಾರ “ಪುಟ್ ದ ಡೋರ್, ಪುಟ್ ದ ಲೈಟ್” ಅಂತ ಕೇಳಿ ಕೇಳಿ ನಾನೇ ನಿಲ್ಲಿಸಿದೆ. ಅದನ್ನು ಮಕ್ಕಳ ಬಾಯಿಂದ ಬಿಡಿಸಲು ಇನ್ನೆರಡು ವಾರ ಹಿಡಿಯಿತು. ‘ಟೇಕ್’ ಕೂಡ ಒಂದು ಬಾಗಿಲಿಗೆ ಬಗ್ಗಲಿಲ್ಲ. ಶಿವಮೊಗ್ಗಕ್ಕೆ ಎರಡು ಗಂಟೆ ಹಿಡಿಯುತ್ತೆ ಅನ್ನುವಾಗ ‘ಹಿಡಿ’, ಮಗುವನ್ನು ಶಾಲೆಗೆ ಕರ್ಕೊಂಡು ಹೋಗು ಅನ್ನುವಾಗ ‘ಕರ್ಕೊಂಡು ಹೋಗು’, ಮಾತ್ರೆ ತಗೋ ಅನ್ನುವಾಗ ‘ತಗೋ’. ಅದಕ್ಕೆ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ.

ಈ ಪದ್ಧತಿ ಮಾಡಿ ನೋಡುವವರಿಗೆ ಒಂದು ಮಾತು. ಬರೆಯಿಸಬೇಡಿ. ಮೊದಲ ಹನ್ನೆರಡು ದಿನ ಪೆನ್ನು ಮುಟ್ಟಿಸಲೇಬೇಡಿ, ನಾನು ಕನ್ನಡದಲ್ಲಿ ಎಸೆಯುತ್ತೇನೆ, ಅವರು ಇಂಗ್ಲಿಷಿನಲ್ಲಿ ಹಿಡಿಯುತ್ತಾರೆ. ಹದಿಮೂರನೇ ದಿನ ಹತ್ತು ವಾಕ್ಯದ ಒಂದು ಡಿಕ್ಟೇಷನ್ ಇದೆ. ಅದರ ವಾಕ್ಯಗಳನ್ನು ಮತ್ತು ನಾನು ಕಳ್ಳರನ್ನು ಒಳಗೆ ಬಿಡುವ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಸಂಜೆ ಕೂತು ಕಟ್ಟಿದ್ದು, ನನ್ನ ಫೀಸು ನಿಂತಿರುವುದೇ ಅದರ ಮೇಲೆ. ಉಳಿದದ್ದೆಲ್ಲ ನಿಮ್ಮದೇ.

ಈಗ ಟ್ಯೂಷನ್ನಿಗೆ 38 ಜನ ಬರುತ್ತಾರೆ, ಎರಡು ಬ್ಯಾಚ್. ಫೀಸು 400 ಮಾಡಿದ್ದೇನೆ. ಬಿಟ್ಟು ಹೋದ ಒಂಬತ್ತರಲ್ಲಿ ಆರು ಮಕ್ಕಳು ತಿರುಗಿ ಬಂದರು. ಮೇಷ್ಟ್ರು ಕಳೆದ ದೀಪಾವಳಿಗೆ ಬಂದಾಗ ಒಂದು ಗಂಟೆ ಜಗಲಿಯ ಮೂಲೆಯಲ್ಲಿ ಕೂತು ಪಾಠ ಕೇಳಿದರು. ಏನೂ ಹೇಳಲಿಲ್ಲ. ಹೋಗುವಾಗ ಕಳ್ಳರ ಪಟ್ಟಿಯ ಮುಂದೆ ನಿಂತು, “ನನಗೆ ಮರೆತು ಹೋಯ್ತು ಅನ್ನೋದನ್ನ ಬರೆದಿಲ್ಲವಲ್ಲಮ್ಮ” ಅಂದರು. ಅದೇ 31ನೆಯದು. ‘ಐ ಫರ್ಗಾಟ್’. ಅವರ ಹೆಸರನ್ನೂ ಪಕ್ಕದಲ್ಲಿ ಬರೆಯಿಸಿದ್ದೇನೆ.

ಈ ಮಳೆಗಾಲದಿಂದ ‘ಹ್ಯಾವ್’ ಹಿಡಿದಿದ್ದೇನೆ. ‘ನನಗೆ’ ಅಂತ ಶುರುವಾಗಿ ‘ಆಯ್ತು’ ಅಂತ ಮುಗಿದರೆ ‘ಐ ಗಾಟ್’, ‘ಇದೆ’ ಅಂತ ಮುಗಿದರೆ ‘ಐ ಹ್ಯಾವ್’. ನನಗೆ ಜ್ವರ ಇದೆ, ಐ ಹ್ಯಾವ್ ಎ ಫೀವರ್. ನನಗೆ ಇಬ್ಬರು ತಂಗಿಯರಿದ್ದಾರೆ, ಐ ಹ್ಯಾವ್ ಟು ಸಿಸ್ಟರ್ಸ್. ಚಿಕ್ಕ ಬ್ಯಾಚಿನ 15 ಮಕ್ಕಳ ಮೇಲೆ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಹಿಡಿದ ಕಳ್ಳರು ನಾಲ್ಕೇ. ‘ನನ್ನ ಹತ್ರ ಇದೆ’ ಮತ್ತು ‘ನನಗೆ ಇದೆ’ ಎರಡೂ ಒಂದೇ ‘ಹ್ಯಾವ್’ಗೆ ಹೋಗುವುದು ಯಾಕೆ ಅಂತ ಆರನೇ ಕ್ಲಾಸಿನ ಒಬ್ಬಳು ಕೇಳಿದ್ದಾಳೆ. ಸೋಮವಾರ ಹೇಳ್ತೇನೆ ಅಂದಿದ್ದೇನೆ.